ಹಲಗೆ ಎಲ್ಲಿದೆ?

ನಮಸ್ಕಾರ. ಶಿರಸಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ. ನಡುನಡುವೆ ಹಂಚಿನ ಮೇಲಿನ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ.

ನಾನೀಗ ಕೂತಿರುವುದು ಒಂದು ಹಲಸಿನ ಬೆಂಚಿನ ಮೇಲೆ. ಐದಡಿ ಉದ್ದ, ಅಗಲ ಒಂದಡಿಗೆ ಸ್ವಲ್ಪ ಕಡಿಮೆ. ಮಾಡಲು ನಾಲ್ಕು ದಿನ ಹಿಡಿಯಿತು. ಹೇಗೆ ಮಾಡುವುದು ಎಂದು ಯೋಚಿಸಲು ಎರಡು ವರ್ಷ. 2022ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಮುಗಿದ ವಾರ ಮೊದಲ ನಕ್ಷೆ ಬರೆದೆ. 2024ರ ಮಾರ್ಚ್‌ನಲ್ಲಿ ಮತ್ತೆ ಜಾತ್ರೆ ಬಂತು. ಒಂದು ಜಾತ್ರೆಯಿಂದ ಇನ್ನೊಂದು ಜಾತ್ರೆಯವರೆಗೆ ನನ್ನ ಬೆಂಚು ಕಾಗದದ ಮೇಲೇ ಇತ್ತು.

ನಾನು ಸುಮ್ನೆ ಕೂತಿರಲಿಲ್ಲ. ಅದನ್ನೇ ಹೇಳಬೇಕು ಅಂತ ಇವತ್ತು ಮೈಕ್ ಮುಂದೆ ಬಂದಿದ್ದು. ಹದಿನೇಳು ಹಾಳೆ ನಕ್ಷೆ ಬರೆದಿದ್ದೆ. ಕಾಲಿನ ದಪ್ಪ ಮೂರು ಸಲ ಬದಲಾಯಿತು. ಯಾವ ಎಣ್ಣೆ ಹಚ್ಚಬೇಕು, ಕಾಲನ್ನು ಸ್ಕ್ರೂ ಹಾಕಿ ಕೂರಿಸುವುದೋ, ತೂತು ಕೊರೆದು ಅದರೊಳಗೆ ಕಾಲಿನ ತುದಿಯ ನಾಲಿಗೆ ಕೂರಿಸುವುದೋ, ಎಲ್ಲಕ್ಕೂ ವಿಡಿಯೋ ನೋಡಿದೆ. ಭಾನುವಾರ ರಾತ್ರಿ ಮಲಗುವಾಗ ಇವತ್ತು ಬೆಂಚಿನ ಕೆಲಸ ಆಯಿತು ಅನ್ನುವ ಸಮಾಧಾನ ಇರುತ್ತಿತ್ತು. ಆ ಸಮಾಧಾನವೇ ನಮ್ಮನ್ನು ಕೂರಿಸಿಬಿಡುತ್ತದೆ. ಒಂದು ಚಕ್ಕೆ ಮರವೂ ಏಳದೆ ಕೆಲಸ ಮಾಡಿದ ದಣಿವು ಸಿಗುತ್ತದೆ.

ಅಷ್ಟರಲ್ಲಿ ಬೆಂಚಿಗೆಂದು ಇಟ್ಟಿದ್ದ ಹಲಗೆ ಅಟ್ಟದ ಮೇಲೆ ಏನು ಮಾಡುತ್ತಿತ್ತು? ಒಂದು ದಿನ ಅಡಿಕೆ ಚೀಲ ತೆಗೆಯಲು ಹತ್ತಿದೆ. ಹಲಗೆಯ ಕೆಳಗೆ ಸಣ್ಣ ಹಿಟ್ಟಿನ ರಾಶಿ. ಬೆರಳಲ್ಲಿ ಮುಟ್ಟಿದರೆ ಅಕ್ಕಿ ಹಿಟ್ಟಿನಷ್ಟು ನುಣುಪು. ಮರ ತಿನ್ನುವ ಹುಳ, ಕುಟ್ಟೆ ಹಿಡಿದಿತ್ತು. ಹಳದಿ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಏನೂ ಆಗಿರಲಿಲ್ಲ, ಅಂಚಿನ ಬಿಳಿ ಭಾಗದ ತುಂಬ ಗುಂಡುಸೂಜಿಯಷ್ಟು ತೂತು. ಆ ಮರ ಅಪ್ಪ ಚಿಕ್ಕವರಿದ್ದಾಗ ನಮ್ಮ ಅಂಗಳದ ಬದಿಗೆ ಕಾಯಿ ಬಿಡುತ್ತಿದ್ದ ಮರ. ನನಗೆ ತುಂಬ ಬೇಜಾರಾಯಿತು.

ಎರಡನೇ ಜಾತ್ರೆ ಮುಗಿದ ಏಪ್ರಿಲ್‌ನಲ್ಲಿ ಕೊಟ್ಟಿಗೆ ಬಾಗಿಲು ಮಾಡಲು ಮರಗೆಲಸದ ವಯಸ್ಸಾದ ಆಚಾರರೊಬ್ಬರು ಬಂದಿದ್ದರು. ಅವರು ಟೇಪ್ ಹಿಡಿಯಲೇ ಇಲ್ಲ. ಒಂದು ಅಡಿಕೆ ದಬ್ಬೆ ಸೀಳಿಕೊಂಡರು. ಅದನ್ನು ಬಾಗಿಲು ಕೂರುವ ಜಾಗಕ್ಕೆ ಅಡ್ಡ ಹಿಡಿದು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದರು. ಆಮೇಲೆ ಆ ಗೆರೆಯ ಒಳಗೆ ಇನ್ನೊಂದು ಗೆರೆ. ಎರಡು ಯಾಕೆ ಅಂತ ಕೇಳಿದೆ. “ತಮಾ, ಆರಿದ್ರಾ ಮಳೆ ಹೊಡೆದ ಮೇಲೂ ಬಾಗ್ಲು ಮುಚ್ಚಬೇಕಲ್ಲ” ಅಂದರು.

ನನ್ನ ನಕ್ಷೆ ತಂದು ತೋರಿಸಿದೆ. ಹದಿನೇಳು ಹಾಳೆಯನ್ನೂ ನಿಧಾನವಾಗಿ ನೋಡಿದರು. ಚೆನ್ನಾಗಿದೆ ಅಂದರು. ಆಮೇಲೆ ಕೇಳಿದ್ದು ಒಂದೇ ಮಾತು. “ಹಲಗೆ ಎಲ್ಲಿದೆ?”

ಇಳಿಸಿಕೊಟ್ಟೆ. ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಉದ್ದಕ್ಕೂ ನೋಡಿದರು. ಹಲಗೆ ತುಸು ತಿರುಚಿಕೊಂಡಿತ್ತು. ಇನ್ನೊಂದು ತುದಿಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅಲ್ಲಿ ಅರ್ಧ ಅಡಿ ಕೊಯ್ಯಲೇಬೇಕಿತ್ತು. ನಕ್ಷೆಯಲ್ಲಿದ್ದ ಐದೂವರೆ ಅಡಿ ಐದು ನಿಮಿಷದಲ್ಲಿ ಐದಡಿಯಾಯಿತು. ಕುಟ್ಟೆ ತಿಂದ ಅಂಚು ತೆಗೆದ ಮೇಲೆ ಅಗಲವೂ ಬದಲಾಯಿತು. ಎರಡು ವರ್ಷ ನಾನು ಬರೆದದ್ದು ಬೇರೆ ಯಾವುದೋ ಹಲಗೆಗೆ.

ನಾವು ನೋಡುವ ವಿಡಿಯೋಗಳಲ್ಲಿ ಎಷ್ಟೋ ಚಳಿ ದೇಶದವು. ಅಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿಯುತ್ತದೆ, ಮರ ಒಣಗಿ ಗರಿಗರಿಯಾಗಿರುತ್ತದೆ. ಅಲ್ಲಿನ ಅಳತೆಯನ್ನು ಅರ್ಧ ಮಿಲಿಮೀಟರ್ ಬಿಡದೆ ನಾವು ಇಲ್ಲಿ ನಕಲು ಮಾಡುತ್ತೇವೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಗಲಕ್ಕೆ ಉಬ್ಬುತ್ತದೆ. ಒಂದಡಿ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಎರಡು ಮೂರು ಮಿಲಿಮೀಟರ್ ಹಿಗ್ಗುವುದು ಇಲ್ಲಿ ಸಾಮಾನ್ಯ. ಹಲಗೆಯನ್ನು ಎರಡೂ ಅಂಚಿನಲ್ಲಿ ಬಿಗಿದು ಕೂರಿಸಿದರೆ, ಬೇಸಿಗೆಯಲ್ಲಿ ಕುಗ್ಗಲು ಜಾಗ ಸಿಗದೆ ಸೀಳುತ್ತದೆ. ನಡುವೆ ಗಟ್ಟಿಯಾಗಿ ಹಿಡಿಸಿ, ಅಂಚಿನ ಸ್ಕ್ರೂ ತೂತನ್ನು ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಬೇಕು. ನನ್ನ ಹದಿನೇಳು ಹಾಳೆಯಲ್ಲಿ ಈ ಒಂದು ವಿಷಯ ಇರಲಿಲ್ಲ. ಕಾರವಾರ, ಅಂಕೋಲಾ ಕಡೆ ಕಡಲ ಬದಿಯಲ್ಲಿದ್ದರೆ ಇನ್ನೊಂದಿದೆ. ಉಪ್ಪು ಗಾಳಿಗೆ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಹಾಕಿ.

ಹಾಗಂತ ಯೋಜನೆಯೇ ಬೇಡ ಅನ್ನುತ್ತಿಲ್ಲ. ನಮ್ಮ ಗುಡಿಗಾರರು ಗಂಧದ ತುಂಡಿನ ಮೇಲೆ ಚಿತ್ರ ಬರೆದುಕೊಳ್ಳದೆ ಉಳಿ ಇಡುವುದಿಲ್ಲ. ಅಲ್ಲಿ ಒಂದು ಚಕ್ಕೆ ತಪ್ಪಿದರೂ ನಷ್ಟ ದೊಡ್ಡದು. ಸಾಗವಾನಿ ಕೊಂಡು ಮನೆಯ ಮುಂಬಾಗಿಲು ಮಾಡಿಸುವವರೂ ನಾಲ್ಕು ಸಲ ಯೋಚಿಸಲಿ. ಆದರೆ ಅಟ್ಟದ ಹಲಸಿನ ಹಲಗೆಗೆ, ಜಗಲಿಯ ಬೆಂಚಿಗೆ, ಒಂದು ಮಣೆಗೆ ಅಷ್ಟು ಹೆದರಿಕೆ ಯಾಕೆ? ತಪ್ಪಿದರೆ ಬೆಂಚು ಹೋಗಿ ಮಣೆ ಆಗುತ್ತದೆ, ಅಷ್ಟೇ ಅಲ್ವಾ?

ನಮ್ಮ ಹೆದರಿಕೆ ಮರದ ಮೇಲಿನದ್ದೂ ಅಲ್ಲ ಅನ್ನಿಸುತ್ತದೆ. ಗರಗಸ ಇಟ್ಟ ಕೂಡಲೇ ನಮ್ಮ ಕೈ ಎಷ್ಟರದ್ದು ಅಂತ ಗೊತ್ತಾಗಿಬಿಡುತ್ತದೆ. ಕಾಗದದ ಮೇಲೆ ಗೆರೆ ಯಾವಾಗಲೂ ನೆಟ್ಟಗೇ ಇರುತ್ತದೆ. ಜಾತ್ರೆಯ ರಥ ಕಟ್ಟುವವರಿಗೆ ಈ ಅನುಕೂಲ ಇಲ್ಲ. ದೇವಿ ರಥ ಏರುವ ದಿನ ಮೊದಲೇ ಗೊತ್ತಾಗಿದೆ, ಆ ಹೊತ್ತಿಗೆ ರಥ ನಿಂತಿರಬೇಕು. ಅದಕ್ಕೇ ನನ್ನ ಗೆಳೆಯರಿಗೆ ಹೇಳುತ್ತೇನೆ, ಒಂದು ದಿನ ಗುರುತು ಮಾಡಿಕೊಳ್ಳಿ. ಚೌತಿಗೆ ದೇವರ ಮಂಟಪ, ದೀಪಾವಳಿಗೆ ಅಮ್ಮನಿಗೊಂದು ಮಣೆ, ಹೀಗೆ.

ಎತ್ತರ ಎಷ್ಟಿರಲಿ ಅಂತ ನಾನು ತಿಂಗಳುಗಟ್ಟಲೆ ಓದಿದ್ದೆ. ಆಚಾರರು ಅಂಗಳದಲ್ಲಿದ್ದ ಚಿರೆಕಲ್ಲು ಜೋಡಿಸಿ, ಮೇಲೆ ಹಲಗೆ ಇಟ್ಟು, “ಅಪ್ಪಯ್ಯನ್ನ ಕರಿ” ಅಂದರು. ಅಪ್ಪ ಕೂತರು. ಮಂಡಿ ನೋವು ಅವರಿಗೆ, ಏಳುವಾಗ ಕಷ್ಟವಾಯಿತು. ಕಲ್ಲಿನ ಮೇಲೆ ಎರಡು ಹಂಚು ಸೇರಿಸಿದೆವು. ಮತ್ತೆ ಕೂತರು, ಕೈ ಊರದೆ ಎದ್ದರು. ಆ ಎತ್ತರವನ್ನು ದಬ್ಬೆಯ ಮೇಲೆ ಗುರುತು ಮಾಡಿಕೊಂಡೆ.

ಮೊದಲ ಕಾಲು ಕೊಯ್ದಾಗ ಗರಗಸ ಎಡಕ್ಕೆ ಎಳೆಯಿತು. ಆ ಕಾಲು ಈಗಲೂ ಸ್ವಲ್ಪ ಓರೆಯಾಗಿಯೇ ಇದೆ, ಕ್ಯಾಮೆರಾ ಕೆಳಗೆ ಮಾಡಿದರೆ ನಿಮಗೂ ಕಾಣುತ್ತದೆ. ನಾಲ್ಕನೇ ಕಾಲು ಕೊಯ್ಯುವಾಗ ಕೈಗೆ ಹದ ಸಿಕ್ಕಿತ್ತು. ಹೊಸದರಲ್ಲಿ ಬೆಂಚು ನಿಂಬೆ ಹಣ್ಣಿನ ಬಣ್ಣ ಇತ್ತು, ಈಗ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ಕೊಯ್ದು ಉಳಿದ ಅರ್ಧ ಅಡಿಯಲ್ಲಿ ಬಿರುಕು ತೆಗೆದು ಒಂದು ಸಣ್ಣ ಮಣೆ ಮಾಡಿದೆ. ಅದಕ್ಕೆ ನಕ್ಷೆ ಬರೆಯಲಿಲ್ಲ. ಈಗ ಅಮ್ಮ ಅದರ ಮೇಲೆ ಕೂತು ಒಳಗೆ ಅಡಿಕೆ ಸುಲಿಯುತ್ತಿದ್ದಾರೆ.