ಏರಿ ಇಳಿಯುವ ಅಂಕಿಗಳ ಹಾರ

ಕೇಳುಗರಿಗೆ ನಮಸ್ಕಾರ.

ಕಾಗದ, ಪೆನ್ಸಿಲ್ ಕೈಗೆ ಸಿಗುವಂತಿದ್ದರೆ ತೆಗೆದುಕೊಳ್ಳಿ. ಒಂದು ಸಂಖ್ಯೆಯನ್ನು ನಿಧಾನವಾಗಿ ಹೇಳುತ್ತೇನೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಂದ ಇಳಿಯುತ್ತಾ ಐದು, ನಾಲ್ಕು, ಮೂರು, ಎರಡು, ಒಂದು. 12345654321. ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು.

ಇದು ನಮ್ಮ ನೆಲದಲ್ಲಿ ಹಳೆಯ ಪರಿಚಯದ ಸಂಖ್ಯೆ. 9ನೆಯ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವಾಗಿರುವ ಮಾನ್ಯಖೇಟದಿಂದ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು. ಅಲ್ಲಿ ಗುಣಾಕಾರದ ಅಭ್ಯಾಸಕ್ಕೆಂದು ಕೊಟ್ಟ ಕೆಲವು ಲೆಕ್ಕಗಳ ಉತ್ತರ ಕೊರಳಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಕಾಣುತ್ತದೆ. 27994681ನ್ನು 441ರಿಂದ ಗುಣಿಸುವುದು ಅವುಗಳಲ್ಲೊಂದು.

ಮಾಡಿ ನೋಡೋಣ. ನಾನೂರರಿಂದ ಗುಣಿಸಿದರೆ 11197872400. ನಲವತ್ತರಿಂದ 1119787240. ಒಂದರಿಂದ ಅದೇ 27994681. ಈ ಮೂರು ಸಾಲುಗಳಲ್ಲಿ ಹಾರದ ಸುಳಿವೇ ಇಲ್ಲ. ಕೂಡಿದರೆ ಮಾತ್ರ 12345654321 ಎದ್ದು ಬರುತ್ತದೆ. ಮೊದಲ ಸಲ ಕೂಡಿದಾಗ ನಾನು ನಂಬದೆ ಮತ್ತೊಮ್ಮೆ ಕೂಡಿದ್ದೆ.

ಗುಟ್ಟು ಇಲ್ಲಿದೆ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಹಾಗಾದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ! ಶಾಲೆಯಲ್ಲಿ ಮಾಡುತ್ತಿದ್ದಂತೆ 111111ನ್ನು ಅದರಿಂದಲೇ ಗುಣಿಸಿ, ಒಂದೊಂದು ಸಾಲನ್ನು ಒಂದೊಂದು ಮನೆ ಎಡಕ್ಕೆ ಸರಿಸಿ ಬರೆಯಿರಿ. ಬಿಡಿಯ ಸ್ಥಾನದಲ್ಲಿ ಒಂದೇ ಒಂದು, ಹತ್ತರ ಸ್ಥಾನದಲ್ಲಿ ಎರಡು ಒಂದುಗಳು, ನೂರರಲ್ಲಿ ಮೂರು. ನಡುವಿನ ಲಕ್ಷದ ಸ್ಥಾನದಲ್ಲಿ ಆರು; ಆಚೆಗೆ ಮತ್ತೆ ಒಂದೊಂದೇ ಕಡಿಮೆ. ಎಲ್ಲಿಯೂ ಮೊತ್ತ ಒಂಬತ್ತನ್ನು ದಾಟುವುದಿಲ್ಲ, ಕೈಯಲ್ಲಿ ಏನನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ಹಾರದ ಅಂದವೆಲ್ಲ ಇದರಿಂದಲೇ ಬಂದದ್ದು.

111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು. ನಮ್ಮ ಸಂಖ್ಯೆಯಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಇರುವುದರಿಂದ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಅಂಕಿಗಳನ್ನು ಕೂಡಿದರೆ 36, ಅಂದರೆ ಆರರ ವರ್ಗ. ಇದೂ ಆಕಸ್ಮಿಕವಲ್ಲ: ಆರು ಸಾಲುಗಳಲ್ಲಿ ಆರಾರು ಒಂದುಗಳನ್ನು ನಾವೇ ಬರೆದಿದ್ದೇವಲ್ಲ!

ಮಹಾವೀರಾಚಾರ್ಯರು 21 ಮತ್ತು 5291 ಎಂದು ಭಾಗ ಮಾಡಿ, ವರ್ಗಗಳನ್ನಷ್ಟೇ ವಿದ್ಯಾರ್ಥಿಯ ಮುಂದಿಟ್ಟ ಜಾಣ್ಮೆ ನನಗೆ ಬಹಳ ಇಷ್ಟ. ಹಾರವನ್ನು ಅವರು ಬಿಡಿಸಿ ಕೊಟ್ಟರು. ಪೋಣಿಸುವ ಸುಖ ಕಲಿಯುವವನ ಪಾಲಿಗೆ ಬಂತು.

ಒಂದುಗಳನ್ನು ಒಂಬತ್ತರವರೆಗೂ ಹೆಚ್ಚಿಸಬಹುದು, ಆಗ 12345678987654321 ಬರುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಸ್ಥಾನದಲ್ಲಿ ಹತ್ತು ಬಂದು, ಕೈಯಲ್ಲಿ ಒಂದು ಉಳಿದು, ಉತ್ತರ 1234567900987654321 ಆಗುತ್ತದೆ. ಎಂಟು ಕಾಣೆಯಾದ ಜಾಗ ಎಡಭಾಗದಲ್ಲಿದೆ, ನೋಡಿ. ನಮಸ್ಕಾರ.