ಸಾಲ ಕೊಡೋಕೆ ಮುಂಚೆ ಹಟ್ಟಿ ಜನನ್ನೂ ಕೇಳ್ರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆ ಕಣ್ಣಾಡಿಸಿದ್ರೆ ಗಾಳಿ ಫ್ಯಾನುಗಳು ಕಾಣ್ತವೆ, ಚಳ್ಳಕೆರೆ ದಾಟಿ ಪಾವಗಡದ ಕಡೆ ಹೋದ್ರೆ ಸೋಲಾರ್ ಪ್ಲೇಟು, ಹದಿಮೂರು ಸಾವಿರ ಎಕರೆ. ಇವೆಲ್ಲ ನಿಂತಿರೋದು ಬಹುಪಾಲು ಸಾಲದ ದುಡ್ಡಿನ ಮೇಲೆ. ಬ್ಯಾಂಕು, ವಿಮೆ ಕಂಪನಿ, ಫಾರಿನ್ ಫಂಡು, ಎಲ್ಲರೂ ಈಗ ಗ್ರೀನ್ ಫೈನಾನ್ಸ್, ಅಂದ್ರೆ ಪರಿಸರಕ್ಕೆ ಒಳ್ಳೇದಾಗೋ ಕೆಲಸಕ್ಕೆ ಕೊಡೋ ದುಡ್ಡು, ಅಂತಾರೆ. ಕೇಂದ್ರ ಸರ್ಕಾರನೇ 2023ರ ಜನವರಿಯಲ್ಲಿ ಮೊದಲ್ನೇ ಸಲ 8,000 ಕೋಟಿ ರೂಪಾಯಿ ಗ್ರೀನ್ ಬಾಂಡ್, ಅಂದ್ರೆ ಅಂಥ ಕೆಲಸಕ್ಕೆ ಸಾಲ ಎತ್ತೋ ಪತ್ರ, ಮಾರ್ತು. ಮಳೆ ಕೈಕೊಟ್ರೆ ಮೊದಲು ಒಣಗೋದು ನಮ್ಮ ಸೀಮೆ, ಅದಕ್ಕೆ ಈ ದುಡ್ಡು ಬರಲಿ ಅನ್ನೋನೇ ನಾನೂ. ಆದ್ರೆ ಅದು ಬರೋ ದಾರಿ ಬಗ್ಗೆ ಒಂದು ಮಾತು ಹೇಳ್ಬೇಕು.

ನಾನು ಸಾಲದ ವಿಭಾಗದಲ್ಲೇ ಸರ್ವೀಸ್ ಕಳೆದೋನು. ಪ್ರಾಜೆಕ್ಟ್ ಫೈಲು ಬಂತು ಅಂದ್ರೆ ಲಾಯರ್ರು ಪಹಣಿ ನೋಡ್ತಾರೆ, ಮ್ಯುಟೇಶನ್ ನೋಡ್ತಾರೆ, ಇಸಿ ಅಂದ್ರೆ ಋಣಭಾರದ ಪತ್ರ ನೋಡ್ತಾರೆ, ಮಾಲೀಕ ಯಾರು, ಬೇರೆ ಸಾಲ ಐತಾ, ಕೋರ್ಟ್ ಕೇಸ್ ಐತಾ, ಎಲ್ಲ ಸರಿ ಇದ್ರೆ ಟೈಟಲ್ ಕ್ಲಿಯರ್ ಅಂತ ಬರೆದು ಸಹಿ ಹಾಕ್ತಾರೆ. ಈಗ ಅದೇ ಜಮೀನು ಊರ ದನ ಮೇಯೋ ಗೋಮಾಳನೋ ಹುಲ್ಲುಗಾವಲಿನ ಕಾವಲೋ ಆಗಿದ್ರೆ ಪಹಣೀಲಿ ಸರ್ಕಾರಿ ಅಂತ ಇರುತ್ತೆ, ಅಷ್ಟೇ. ಅಲ್ಲಿ ತಲೆಮಾರುಗಳಿಂದ ದನ ಮೇಯಿಸ್ತಿರೋ ಮನುಷ್ಯನ ಹೆಸರು ಯಾವ ಕಾಲಮ್ಮಲ್ಲೂ ಬರಲ್ಲ. ಫೈಲು ಶುದ್ಧವಾಗಿರುತ್ತೆ, ಅವನು ಫೈಲಲ್ಲೇ ಇರಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದನ ಸಾಕೋ ಬುಡಕಟ್ಟಿನ ಮ್ಯಾಸನಾಯಕರ ದೇವರ ಎತ್ತುಗಳನ್ನ ನೀವು ನೋಡಿರ್ತೀರಿ. ದೇವರಿಗೆ ಬಿಟ್ಟ ದನ, ಉಳುಮೆಗೆ ಕಟ್ಟಲ್ಲ, ಮಾರಲ್ಲ, ಸತ್ರೆ ಮಣ್ಣು ಮಾಡ್ತಾರೆ. ಅವನ್ನ ನೋಡ್ಕೊಳ್ಳೋನು ಕಿಲಾರಿ, ಅವನ ಬದುಕೇ ಆ ರೊಪ್ಪ, ಬೆಳಿಗ್ಗೆ ಎದ್ದು ಹೊಡ್ಕೊಂಡು ಹೋದ್ರೆ ಯಾವ ಹಳ್ಳದಲ್ಲಿ ನೀರು ಐತೆ, ಯಾವ ಮಟ್ಟಿ ಮೇಲೆ ಯಾವ ತಿಂಗಳಲ್ಲಿ ಹುಲ್ಲು ಬರುತ್ತೆ, ಎಲ್ಲ ಅವನಿಗೆ ಗೊತ್ತು, ಯಾವ ಸ್ಯಾಟಲೈಟ್ ಮ್ಯಾಪಲ್ಲೂ ಅಷ್ಟು ವಿವರ ಸಿಗಲ್ಲ. ಕಾಡುಗೊಲ್ಲರ ಕುರಿ ಹಿಂಡುಗಳದ್ದೂ ಇದೇ ಕಥೆ. ಅಂಥ ಮೇವಿನ ಜಾಗವಾದ ಅಮೃತಮಹಲ್ ಕಾವಲಿನಲ್ಲಿ ಚಳ್ಳಕೆರೆ ತಾಲೂಕಿನಲ್ಲಿ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ, ಒಂದು ಸೋಲಾರ್ ಕಂಪನಿಗೆ ಹೋಯ್ತು. ಊರಿನವರಿಗೆ ಗೊತ್ತಾಗಿದ್ದು ಬೇಲಿ, ಕಾಂಪೌಂಡು ಎದ್ದ ಮೇಲೆ, ಆಮೇಲೆ ಹಸಿರು ನ್ಯಾಯಮಂಡಳಿ ತನಕ ಓಡಾಟ.

ಕಾನೂನು ಇಲ್ವಾ ಅಂತ ಕೇಳ್ತೀರಿ. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕಿನ ಘೋಷಣೆ ಮಾಡ್ದಾಗ ಭಾರತ ಪರವಾಗೇ ವೋಟ್ ಹಾಕ್ತು. ಅದರಲ್ಲಿ ಸ್ಪಷ್ಟವಾಗಿ ಐತೆ, ಅವರ ನೆಲದ ಮೇಲೆ ಯೋಜನೆ ಬರೋಕೆ ಮುಂಚೆ, ಒತ್ತಾಯ ಇಲ್ಲದೆ, ಪೂರ್ತಿ ವಿಷಯ ತಿಳಿಸಿ ಒಪ್ಪಿಗೆ ಕೇಳ್ಬೇಕು, ತಮ್ಮ ಮುಂದಿನ ದಾರಿ ತಾವೇ ತೀರ್ಮಾನ ಮಾಡೋ ಹಕ್ಕು ಅವರದ್ದು ಅಂತ. ವಿಶ್ವಬ್ಯಾಂಕ್ ಗುಂಪಿನಲ್ಲಿ ಖಾಸಗಿ ಕಂಪನಿಗಳಿಗೆ ಸಾಲ ಕೊಡೋ ಐಎಫ್‌ಸಿ ಕೂಡ 2012ರಿಂದ ತನ್ನ ಸಾಲಗಳಿಗೆ ಆ ಒಪ್ಪಿಗೆಯ ನಿಯಮ ಇಟ್ಟೈತೆ. ಆದ್ರೆ ಇಲ್ಲಿ ನೋಡ್ರಿ, ನಮ್ಮ ಜಿಲ್ಲೇಲಿ 2011ರ ಜನಗಣತಿ ಪ್ರಕಾರ ನೂರಕ್ಕೆ ಹದಿನೆಂಟು ಜನ ಪರಿಶಿಷ್ಟ ಪಂಗಡದವರು, ಆದ್ರೂ ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶ ಒಂದೂ ಇಲ್ಲ, ಹಂಗಾಗಿ ಅಂಥ ಪ್ರದೇಶದ ಗ್ರಾಮಸಭೆಗೆ ಅಧಿಕಾರ ಕೊಡೋ ಪೆಸಾ ಕಾಯ್ದೆ ನಮಗೆ ಅನ್ವಯ ಆಗಲ್ಲ. ಮೇಲಿಂದ ಗಾಳಿ, ಸೋಲಾರ್ ಪ್ರಾಜೆಕ್ಟಿಗೆ ಪರಿಸರ ಅನುಮತಿ ಬೇಕಿಲ್ಲ, ಅಂದ್ರೆ ಅದರ ಜೊತೆ ಬರ್ತಿದ್ದ ಸಾರ್ವಜನಿಕ ಅಹವಾಲು ಸಭೆನೂ ಇಲ್ಲ. ಗ್ರೀನ್ ಅಂದ ತಕ್ಷಣ ಕೇಳೋದೇ ಬೇಡ ಅಂತಾಗೈತೆ. ನನಗೆ ಸಂಕಟ ಆಗೋದು ಇದಕ್ಕೇ.

ಕೇಳದೆ ಮಾಡಿದ್ರೆ ದುಡ್ಡು ಹಾಕ್ದೋರಿಗೂ ನೆಮ್ಮದಿ ಇಲ್ಲ. ನಾರ್ವೆ ದೇಶದ ಫೋಸನ್ ಅನ್ನೋ ಕಡೆ 151 ಗಾಳಿ ಟರ್ಬೈನ್ ನಿಲ್ಲಿಸಿದ್ರು. ಅದು ಸಾಮಿ ಅನ್ನೋ ಮೂಲನಿವಾಸಿಗಳು ಹಿಮಸಾರಂಗ ಮೇಯಿಸೋ ಜಾಗ, ಚಳಿಗಾಲದ ಮೇವು ಇರೋದೇ ಅಲ್ಲಿ, ಫ್ಯಾನು ತಿರುಗೋಕೆ ಶುರುವಾದ್ರೆ ಪ್ರಾಣಿಗಳು ಆ ಕಡೆ ಸುಳಿಯಲ್ಲ. 2021ರ ಅಕ್ಟೋಬರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಲೈಸೆನ್ಸೇ ಸಿಂಧು ಅಲ್ಲ ಅಂದ್ಬಿಡ್ತು. ಅಷ್ಟೊತ್ತಿಗೆ ಕೋಟಿಗಟ್ಟಲೆ ದುಡ್ಡು ಗುಡ್ಡ ಹತ್ತಿತ್ತು. ತೀರ್ಪು ಬಂದು 500 ದಿನ ಆದ್ರೂ ಏನೂ ಆಗ್ಲಿಲ್ಲ ಅಂತ ಸಾಮಿ ಹುಡುಗ ಹುಡುಗೀರು ಓಸ್ಲೋದಲ್ಲಿ ಸಚಿವಾಲಯದ ಬಾಗಿಲಿಗೇ ಕೂತ್ರು, ಕೊನೆಗೆ ಪರಿಹಾರ ಕೊಟ್ಟು ರಾಜಿ ಆಯ್ತು. ನಮ್ಮಲ್ಲೇ ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2013ರಲ್ಲಿ ಹನ್ನೆರಡು ಗ್ರಾಮಸಭೆ ಕೂಡಿಸಿದ್ರು, ಡೋಂಗ್ರಿಯಾ ಕೊಂಧ್ ಜನ ಹನ್ನೆರಡರಲ್ಲೂ ಗಣಿ ಬೇಡ ಅಂದ್ರು.

ಕೇಳಿ ಮಾಡಿದ ಉದಾಹರಣೆನೂ ಐತೆ. ಕೆನಡಾದ ಒಂಟಾರಿಯೋದಲ್ಲಿ ಹೆನ್ವೀ ಇನ್ಲೆಟ್ ಅನ್ನೋ ಮೂಲನಿವಾಸಿ ಸಮುದಾಯ ತನ್ನ ನೆಲದ ಮೇಲೇ 300 ಮೆಗಾವ್ಯಾಟಿನ ಗಾಳಿ ಸ್ಥಾವರದಲ್ಲಿ ಅರ್ಧ ಪಾಲು ಇಟ್ಕೊಂಡಿತು. ಬಾಡಿಗೆಗೆ ನಿಂತಿದ್ದಲ್ಲ, ಮಾಲೀಕರಾಗಿ ಕೂತು ಮಾತಾಡಿದ್ರು. ಪಾವಗಡದಲ್ಲಿ ರೈತರ ಜಮೀನು ಕಸಿದುಕೊಳ್ಳದೆ ಲೀಸಿಗೆ ತಗೊಂಡ್ರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಅದು ಒಳ್ಳೇದೇ ಅಂತೀನಿ ನಾನು. ಆದ್ರೆ ಜಮೀನೇ ಇಲ್ಲದ ಕೂಲಿಯೋನಿಗೆ, ಕುರಿ ಮೇಯಿಸೋನಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ, ಅವನ ಕೈತಪ್ಪಿ ಹೋಗಿದ್ದು ಕೂಲಿ ಮತ್ತೆ ಮೇಯಿಸೋ ಬಯಲು.

ಹಂಗಾದ್ರೆ ಬ್ಯಾಂಕಿನವರು ಏನು ಮಾಡ್ಬೇಕು? ಪಹಣಿ ಜೊತೆಗೆ ಅಲ್ಲಿ ಯಾರು ಮೇಯಿಸ್ತಾರೆ, ಯಾರ ದೇವರು ಐತೆ, ಯಾರ ದಾರಿ ಐತೆ ಅಂತ ಸ್ಥಳಕ್ಕೆ ಹೋಗಿ ಕೇಳಿ ಬರೀಬೇಕು. ಸಭೆ ತಾಲೂಕು ಆಫೀಸಲ್ಲಿ ಬೇಡ, ಹಟ್ಟೀಲಿ ಮಾಡ್ರಿ, ಕುರಿ ವಲಸೆ ಹೋದ ತಿಂಗಳಲ್ಲಿ ಮಾಡಿ ಯಾರೂ ಬರ್ಲಿಲ್ಲ ಅನ್ನಬ್ಯಾಡ್ರಿ, ಕಾಗದ ಕನ್ನಡದಲ್ಲಿ ಕೊಡ್ರಿ, ಹೆಣ್ಮಕ್ಕಳನ್ನೂ ಕೂರಿಸ್ರಿ. ಬೇಡ ಅಂದ್ರೆ ಆ ಮಾತೂ ಮಿನಿಟ್ಸಲ್ಲಿ ಬರಲಿ, ಆ ಜಾಗಕ್ಕೆ ಸಾಲ ನಿಲ್ಲಲಿ. ಹೂಂ ಅಂದ್ರೆ ಪಾಲು ಎಷ್ಟು ಅಂತ ಮೊದಲ ಕಂತು ಬಿಡೋ ಮುಂಚೆ ಒಪ್ಪಂದ ಆಗ್ಲಿ.

ಹಟ್ಟಿಯವರ ಕೈಲೂ ಕೆಲಸ ಐತೆ. ಅರಣ್ಯ ಭೂಮಿ ಆಗಿದ್ರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸೋದು ಸಮುದಾಯದ ಹಕ್ಕು, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ನಮೂನೆ ಬಿ ತುಂಬಿ ಅರ್ಜಿ ಹಾಕ್ರಿ. ಕಾವಲು, ಗೋಮಾಳ ಆಗಿದ್ರೆ ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿ ಹತ್ರ ಒಂದು ದಾಖಲಾತಿ ಪುಸ್ತಕ ಇರುತ್ತೆ, ಅದರಲ್ಲಿ ದೇವರ ಎತ್ತು, ಕುರಿ ದಾರಿ, ನೀರಿನ ಹೊಂಡ, ಹುಲ್ಲಿನ ಜಾತಿ ಎಲ್ಲ ಬರೆಸ್ರಿ, ಕಿಲಾರಿನ ಪಕ್ಕದಲ್ಲಿ ಕೂರಿಸ್ಕೊಂಡೇ ಬರೆಸ್ರಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿ ಆಫೀಸಿಗೂ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸೋ ಲೀಡ್ ಬ್ಯಾಂಕಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊಂಡು ಬರ್ರಿ, ಮುಂದೆ ಯಾವ ಲಾಯರ್ರೂ ಆ ಜಾಗದಲ್ಲಿ ಯಾರೂ ಇಲ್ಲ ಅಂತ ಬರೆಯೋಕೆ ಆಗಬಾರದು.

ನಮಸ್ಕಾರ.