ಮೊದಲು ಮಣ್ಣು ಬೆಚ್ಚಗಾಗಲಿ, ಆಮೇಲೆ ಜೋಳ

ನಮಸ್ಕಾರ. ಉತ್ತರ ಇಂಗ್ಲೆಂಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಕೂತು ಈ ಕಾರ್ಯಕ್ರಮ ಕೇಳುತ್ತಿರುವ ಎಲ್ಲ ಕನ್ನಡಿಗರಿಗೂ ನಮಸ್ಕಾರ. ಹಿತ್ತಲಲ್ಲಿ ಒಂದಿಷ್ಟು ಜಾಗ ಇದ್ದವರು, ಕೌನ್ಸಿಲ್‌ನವರಿಂದ ಅಲಾಟ್‌ಮೆಂಟ್, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಒಂದು ತುಂಡು ಜಾಗ, ಸಿಕ್ಕವರು, ಇನ್ನೂ ವೇಟಿಂಗ್ ಲಿಸ್ಟಿನಲ್ಲೇ ಇರುವವರು, ಎಲ್ಲರೂ ಕೇಳಿ. ಇವತ್ತಿನ ವಿಷಯ ಸ್ವೀಟ್‌ಕಾರ್ನ್, ಅಂದರೆ ಸಿಹಿ ಮೆಕ್ಕೆಜೋಳ. ಇವತ್ತು ನಾನು ಜೋಳ ಅಂದರೆ ಇದೇ.

ಏಪ್ರಿಲ್ ಮುಗಿಯುತ್ತಾ ಬಂತು ಅಂದರೆ ನನಗೆ ಫೋನ್ ಮೇಲೆ ಫೋನ್. "ಮೇಡಂ, ಜೋಳ ಹಾಕಿದೆ, ಮೊಳಕೆನೇ ಬರಲಿಲ್ಲ. ಬೀಜ ಚೆನ್ನಾಗಿಲ್ವಾ? ಗೊಬ್ಬರ ಸಾಲಲಿಲ್ವಾ?" ಬೀಜ ಚೆನ್ನಾಗಿದೆ. ಗೊಬ್ಬರವೂ ಸಾಕು. ನೀವು ತಣ್ಣನೆಯ ಮಣ್ಣಿಗೆ ಬೀಜ ಹಾಕಿದ್ದೀರಿ, ಅಷ್ಟೇ. ಊರಲ್ಲಿ ನಾವು ತೇವಕ್ಕೆ ಕಾಯುತ್ತೇವೆ. ಮಳೆ ಬಿದ್ದು ಹದವಾದರೆ ಬಿತ್ತಿದ ಹಾಗೆಯೇ. ಇಲ್ಲಿ ತೇವಕ್ಕೇನು ಬರ ಹೇಳಿ? ಇಲ್ಲಿ ಕಾಯಬೇಕಾದ್ದು ಬಿಸಿಗೆ.

ಎಷ್ಟು ಬಿಸಿ? ಮಣ್ಣಿನ ಒಳಗೆ ಕಡಿಮೆ ಅಂದರೂ 10 ಡಿಗ್ರಿ. ಸೂಪರ್‌ಸ್ವೀಟ್ ಅಂತ ಪ್ಯಾಕೆಟ್ ಮೇಲೆ ಬರೆದಿರುವ ಜಾತಿಗಳಿಗೆ 15 ಬೇಕು. ಅವುಗಳ ಬೀಜ ನೋಡಿದ್ದೀರಲ್ವಾ, ಸುಕ್ಕುಗಟ್ಟಿ ಒಣಗಿದ ಹಾಗಿರುತ್ತದೆ. ಒಳಗೆ ಪಿಷ್ಟ ಕಡಿಮೆ. ಮೊಳಕೆಗೆ ಕೂಡಿಟ್ಟ ಬುತ್ತಿಯೇ ಕಡಿಮೆ ಅಂದ ಮೇಲೆ ತಣ್ಣಗಿನ ಮಣ್ಣಲ್ಲಿ ಅದು ಎಷ್ಟು ದಿನ ತಡೆದೀತು? ಬೀಜ ನೀರು ಹೀರುತ್ತದೆ, ಉಬ್ಬುತ್ತದೆ, ಆದರೆ ಚಳಿಗೆ ಮುಂದೆ ಹೋಗುವುದಿಲ್ಲ. ಒಳಗಿನ ಸಕ್ಕರೆ ಹೊರಗೆ ಸೋರುತ್ತದೆ. ಬೂಷ್ಟಿಗೆ ಹಬ್ಬ.

ಒಂದು ಕಥೆ ಹೇಳುತ್ತೇನೆ. ಲೀಡ್ಸ್‌ನಲ್ಲಿ ನನ್ನ ಅಲಾಟ್‌ಮೆಂಟಿನ ಪಕ್ಕದ ತುಂಡು ಒಬ್ಬ ಕನ್ನಡದ ಹುಡುಗನದು. ಅವನ ತಂದೆ ಒಂದು ವಸಂತದಲ್ಲಿ ಹಾವೇರಿ ಕಡೆಯಿಂದ ಬಂದರು. ಹಾವೇರಿ, ದಾವಣಗೆರೆ ಅಂದರೆ ಗೊತ್ತಲ್ಲ, ಮೆಕ್ಕೆಜೋಳದ ಸೀಮೆ. ಕಾಕಾ ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವರು. ನಾನು ಸ್ವೀಟ್‌ಕಾರ್ನ್ ಹಾಕಲು ಚಿಕ್ಕ ಕುಂಡ ಜೋಡಿಸುತ್ತಿದ್ದೆ. ನೋಡಿ ನಕ್ಕರು. "ಏನವಾ, ಗೋವಿನಜ್ವಾಳಕ್ಕೂ ಕುಂಡಾ ಬೇಕೇನ? ನಾವು ಕೂರಿಗಿಗೆ ಹಾಕಿ ಎಕರೆಗಟ್ಲೆ ಬಿತ್ತಿ ಬರ್ತೀವಿ."

ಈಸ್ಟರ್ ರಜೆ. ಬಿಸಿಲು ಚೆನ್ನಾಗಿತ್ತು. ಸ್ವೆಟರ್ ತೆಗೆದು ಓಡಾಡುವಷ್ಟು. ಕಾಕಾ ಮಣ್ಣು ಹಿಡಿದು ಹಿಸುಕಿ ನೋಡಿದರು, ಹದ ಇದೆ ಅಂದರು. ಅಂಗೈಯಲ್ಲಿ ಬೀಜ, ಹೆಜ್ಜೆಗೊಂದು ಕಾಳು, ಹಿಂದೆ ಕಾಲಿನಿಂದಲೇ ಮಣ್ಣು ಮುಚ್ಚುವುದು. ಆ ಕೈಚಳಕ ನೋಡಲು ನಿಜವಾಗಿಯೂ ಚೆಂದ. ಅಕ್ಕಪಕ್ಕದ ಇಂಗ್ಲಿಷರೆಲ್ಲ ಸಲಿಕೆ ಊರಿಕೊಂಡು ನೋಡುತ್ತಾ ನಿಂತರು. ನಾನು ಸುಮ್ನೆ ಹೋಗಿ ಥರ್ಮಾಮೀಟರ್ ಚುಚ್ಚಿದೆ. 7 ಡಿಗ್ರಿ. ಕಾಕಾಗೆ ಇನ್ನೂ ನಗು. "ಮಣ್ಣಿಗೂ ಜ್ವರಾ ನೋಡ್ತೀ ಏನವಾ?"

ಕಾಕಾ ಗಾಳಿಯ ಬಿಸಿ ನೋಡಿದ್ದರು. ನೆಲದ ಒಳಗೆ ಇನ್ನೂ ಫೆಬ್ರವರಿ ಕೂತಿತ್ತು. ಚಳಿಗಾಲವಿಡೀ ನೀರು ಕುಡಿದ ಜೇಡಿಮಣ್ಣು ಅಷ್ಟು ಬೇಗ ಕಾಯುವುದಿಲ್ಲ. ಹಗಲು ಬಂದ ಒಂದಿಷ್ಟು ಬಿಸಿಯನ್ನು ರಾತ್ರಿ ಕಳೆದುಕೊಳ್ಳುತ್ತದೆ.

ಮೂರು ವಾರ ಆಯಿತು. ಒಂದು ಹಸಿರು ಮೂತಿ ಇಲ್ಲ. ಕಾಕಾ ದಿನಾ ಬಂದು ಬಗ್ಗಿ ನೋಡುವುದು, ಮಗನ ಹತ್ತಿರ ಬೀಜದ ಅಂಗಡಿಯವನನ್ನು ಬೈಯುವುದು. ಕೊನೆಗೆ ಬೆರಳಿನಿಂದ ಕೆದರಿ ಒಂದು ಬೀಜ ತೆಗೆದರು. ಹಿಸುಕಿದರೆ ಬಿಳಿ ಲೋಳೆ. ಮೂಸಿ ನೋಡಿದರು. ಒಂದು ಮಾತೂ ಆಡದೆ ಕೈ ಒರೆಸಿಕೊಂಡರು. ಮಾರನೆಯ ದಿನ ಪ್ಯಾಕೆಟ್ಟಿನಲ್ಲಿ ಉಳಿದ ಬೀಜ ತಂದು ನನ್ನ ಮುಂದೆ ಇಟ್ಟರು. "ಹಾಕವಾ ನಿನ್ನ ಕುಂಡದಾಗ."

ಕುಂಡ ಅಷ್ಟು ಇರಲಿಲ್ಲ. ಟಾಯ್ಲೆಟ್ ಪೇಪರ್ ಸುತ್ತುವ ರಟ್ಟಿನ ಕೊಳವೆ ಇರುತ್ತದಲ್ಲ, ಅದರಲ್ಲಿ ಕಾಂಪೋಸ್ಟ್ ತುಂಬಿ ಹಾಕಿದೆವು. ಅನ್ನ ಕೊಡೋ ಬೀಜವನ್ನು ಅದರಲ್ಲಿ ಹಾಕುವುದೇ ಅಂತ ಕಾಕಾ ಮುಖ ಸಿಂಡರಿಸಿದರು, ಆದರೂ ಹಾಕಿದರು. ಅಡುಗೆಮನೆಯ ಕಿಟಕಿಯ ಹತ್ತಿರ ಇಟ್ಟರೆ ಒಂದು ವಾರ ಕಳೆಯುವುದರೊಳಗೆ ಮೊಳಕೆ ಎದ್ದಿತು. ಸೆಪ್ಟೆಂಬರಿನಲ್ಲಿ ಊರಿಗೆ ಹೊರಡುವ ಮುಂಚೆ ತೆನೆ ಮುರಿದು, ಒಲೆಯ ಮೇಲೆ ಸುಟ್ಟು, ನಿಂಬೆಹಣ್ಣು ಖಾರದಪುಡಿ ಹಚ್ಚಿಕೊಂಡು ತಿಂದರು. "ಸಿಹಿ ಜಾಸ್ತಿ ಆತು" ಅಂತ ಗೊಣಗಿದರು, ಇನ್ನೊಂದಕ್ಕೆ ಕೈ ಚಾಚಿದರು.

ಕಾಕಾ ಅರ್ಧ ಸಮಯ ತಿಂದುಬಿಟ್ಟರು. ಬೇಗ ಬೇಗ ಹೇಳುತ್ತೇನೆ.

ಏಪ್ರಿಲ್ ಕೊನೆಗೆ ಅಥವಾ ಮೇ ಮೊದಲಿಗೆ ಬೀಜವನ್ನು ಮನೆಯೊಳಗೆ ಹಾಕಿ. ಒಂದು ಕುಂಡಕ್ಕೆ ಒಂದು, ಒಂದು ಅಂಗುಲ ಆಳ. ಕುಂಡ ಉದ್ದ ಇರಲಿ, ಜೋಳದ ಬೇರು ಕದಲಿಸಿದರೆ ಮುನಿಸಿಕೊಳ್ಳುತ್ತದೆ. ಅಷ್ಟರಲ್ಲಿ ಹೊರಗಿನ ಮಡಿಗೆ ಕಪ್ಪು ಪ್ಲಾಸ್ಟಿಕ್ ಹಾಸಿ, ಮಣ್ಣು ಕಾಯಲಿ. ಸಸಿಗಳನ್ನು ಒಂದು ವಾರ, ಹತ್ತು ದಿನ ಹಗಲು ಹೊರಗಿಟ್ಟು ರಾತ್ರಿ ಒಳಗೆ ತನ್ನಿ. ಜೂನ್ ಮೊದಲ ವಾರ ನಾಟಿ ಮಾಡಿ. "ಪಕ್ಕದ ಮನೆಯವರು ಮೇ ತಿಂಗಳಲ್ಲೇ ನೆಟ್ಟರು" ಅನ್ನಬೇಡಿ. ಒಂದು ರಾತ್ರಿ ಫ್ರಾಸ್ಟ್ ಬಂದು ಇಬ್ಬನಿ ಹೆಪ್ಪುಗಟ್ಟಿದರೆ ಅವರ ಕಥೆ ಮುಗಿಯಿತು. ಬಿಸಿ ಮಣ್ಣಿಗೆ ತಡವಾಗಿ ಬಂದ ಸಸಿ ತಣ್ಣನೆಯ ಮಣ್ಣಲ್ಲಿ ಮುದುಡಿ ಕೂತ ಸಸಿಯನ್ನು ಹಿಂದೆ ಹಾಕುತ್ತದೆ. ಜೂನ್‌ನಲ್ಲಿ ಇಲ್ಲಿ ಹದಿನೇಳು ಗಂಟೆ ಬೆಳಕು. ಜೋಳ ಓಡುತ್ತದೆ, ನೀವು ಓಡಬೇಕಾಗಿಲ್ಲ.

ಬೇಲಿ ಪಕ್ಕ ಒಂದೇ ಸಾಲು ನೆಡಬೇಡಿ. ಚೌಕವಾಗಿ ನೆಡಿ, ಆ ಕಡೆ ನಾಲ್ಕು, ಈ ಕಡೆ ನಾಲ್ಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಹತ್ತಿರ. ಯಾಕೆ? ಮೇಲಿನ ಸೂಲಂಗಿ ಗಂಡು. ತೆನೆಯ ತುದಿಯ ಕೂದಲು ಹೆಣ್ಣು. ಒಂದು ಕೂದಲಿಗೆ ಒಂದು ಕಾಳು. ಪರಾಗ ತರುವುದು ಜೇನಲ್ಲ, ಗಾಳಿ. ಒಂದೇ ಸಾಲಾದರೆ ಪರಾಗವೆಲ್ಲ ಪಕ್ಕದವರ ಆಲೂಗಡ್ಡೆಗೆ. ನಿಮಗೆ ಸಿಗುವುದು ಹಲ್ಲು ಬಿದ್ದ ತೆನೆ. ಊರಲ್ಲಿ ಇಡೀ ಹೊಲವೇ ಜೋಳ, ಅಲ್ಲಿ ಈ ಚಿಂತೆ ಯಾರಿಗಿದೆ.

ಜಾತಿ ಯಾವುದು ಅಂತ ಕೇಳುತ್ತೀರಿ. ಬೇಗ ಬರುವುದನ್ನು ತೆಗೆದುಕೊಳ್ಳಿ. ಸ್ವಿಫ್ಟ್ ಇದೆ, ಸಂಡಾನ್ಸ್ ಇದೆ. ಸೂಪರ್‌ಸ್ವೀಟ್ ಪಕ್ಕದಲ್ಲಿ ಬೇರೆ ಬಗೆಯ ಜೋಳ ಬೇಡ. ಪರಾಗ ಬೆರೆತರೆ ಕಾಳಿನ ಸಿಹಿ ಹೋಗಿ ಹಿಟ್ಟು ಹಿಟ್ಟಾಗುತ್ತದೆ. ಹೂವು ಬಂದಾಗ, ಕಾಳು ತುಂಬುವಾಗ ನೀರು ನಿಲ್ಲಿಸಬೇಡಿ. ಗಾಳಿಗೆ ಬೀಳದ ಹಾಗೆ ಬುಡಕ್ಕೆ ಮಣ್ಣು ಏರಿಸಿ.

ಕೀಳುವುದು ಯಾವಾಗ? ಕೂದಲು ಕಂದು ಬಣ್ಣಕ್ಕೆ ತಿರುಗಿದ ಮೇಲೆ. ಸಿಪ್ಪೆ ಸ್ವಲ್ಪ ಸರಿಸಿ ಒಂದು ಕಾಳಿಗೆ ಉಗುರು ಚುಚ್ಚಿ. ನೀರು ಬಂದರೆ ತಡೆಯಿರಿ. ಹಾಲು ಬಂದರೆ ಮುರಿಯಿರಿ. ಇಲ್ಲಿ ಅದು ಆಗಸ್ಟ್ ಕೊನೆ, ಸೆಪ್ಟೆಂಬರ್. ಗಿಡಕ್ಕೆ ಒಂದು ಒಳ್ಳೆಯ ತೆನೆ ಬಂದರೂ ಸಂತೋಷಪಡಿ, ಇದು ಹಾವೇರಿ ಅಲ್ಲ.

ಕಾರ್ಯಕ್ರಮದವರು ಗಡಿಯಾರ ತೋರಿಸುತ್ತಿದ್ದಾರೆ. ಒಂದೇ ಮಾತು, ಬ್ಯಾಡ್ಜರ್, ಅಂದರೆ ಬಿಲ ತೋಡಿಕೊಂಡು ಇರುವ ಇಲ್ಲಿನ ಕಾಡುಪ್ರಾಣಿ, ಅದರ ಬಗ್ಗೆ ಕೇಳಿ ಬರೆದವರಿಗೆ. ಹೌದು, ತೆನೆ ಹಾಲು ತುಂಬುವುದನ್ನು ನಿಮಗಿಂತ ಮೊದಲು ಅದೇ ಕಂಡುಹಿಡಿಯುತ್ತದೆ. ರಾತ್ರಿ ಬಂದು ಗಿಡ ಮಲಗಿಸಿ ತಿಂದು ಹೋಗುತ್ತದೆ. ಬ್ಯಾಡ್ಜರ್ ರಕ್ಷಣೆಯ 1992ರ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವಂತಿಲ್ಲ, ಹೊಡೆಯುವಂತಿಲ್ಲ. ಗಟ್ಟಿ ಬೇಲಿ ಹಾಕಿ. ಹಾಲು ಬಂದ ತೆನೆಯನ್ನು ನಾಳೆ ಕೀಳೋಣ ಅಂತ ಬಿಡಬೇಡಿ, ಅವತ್ತು ಸಂಜೆಯೇ ಮುರಿದು ಮನೆಗೆ ತನ್ನಿ. ನಮಸ್ಕಾರ.